ಕಲ್ಯಾಣದ ಕೌಂಟರ್ ಬಂದಾದ ಹಬ್ಬ

ನನ್ನ ಅಂಗಡಿಯ ಗೋಡೆ ಗಡಿಯಾರ ಯಾವತ್ತೂ ಕಾಲು ಗಂಟೆ ಮುಂದಿರುತ್ತಿತ್ತು. ಹುಮನಾಬಾದಿನ ಹೈವೇ ಬದಿಯಲ್ಲಿ ಬಸ್ ಬುಕಿಂಗ್ ಮಾಡುವವರೆಲ್ಲ ಹಾಗೇ ಇಡುತ್ತಿದ್ದೆವು. ಹೈದರಾಬಾದಿನಿಂದ ಬರುವ ಮುಂಬೈ ಬಸ್ಸು ನಮ್ಮೂರಲ್ಲಿ ಚಹಾ ಕುಡಿಯುವಷ್ಟು ಹೊತ್ತೂ ನಿಲ್ಲುವುದಿಲ್ಲ. ನಮ್ಮ ಜನ ಮಾತ್ರ ಹಾರ್ನ್ ಕೇಳಿದ ಮೇಲೆ ಚಪ್ಪಲಿ ಹುಡುಕುತ್ತಾರೆ. ಅದಕ್ಕೇ ಮುಳ್ಳು ಮುಂದೆ ತಳ್ಳುವುದು. "ಸಾಹುಕಾರ್ರ, ನಿಮ್ಮ ಅಂಗಡ್ಯಾಗ ಕುಂತ್ರ ಮನಷ್ಯಾಗ ಲಗೂ ಮುಪ್ಪು ಬರ್ತದ ನೋಡ್ರಿ" ಎಂದು ಘಾಟಬೋರಾಳದ ರೈತರೊಬ್ಬರು ಪ್ರತಿ ಸಲ ನಗಿಸುತ್ತಿದ್ದರು.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಲಾರಿ ಕ್ಲೀನರ್ ಆದೆ, ಆಮೇಲೆ ರಸ್ತೆಯಲ್ಲಿ ನಿಂತು "ಸೋಲಾಪುರ, ಪುಣೆ, ಮುಂಬೈ" ಎಂದು ಗಂಟಲು ಹರಿಯುವಂತೆ ಕೂಗಿ ಬಸ್ಸಿಗೆ ಜನ ಹತ್ತಿಸಿದೆ. ತೊಂಬತ್ತರ ದಶಕದಲ್ಲಿ ಒಂದು ಟೇಬಲ್ಲು, ಒಂದು ಫೋನು, ಸೀಟುಗಳ ಚಿತ್ರವಿದ್ದ ಹಾಳೆ ಇಟ್ಟುಕೊಂಡು ಸ್ವಂತ ಅಂಗಡಿ ಹಾಕಿದೆ. ಯಾರ ಹತ್ತಿರವೂ ಕೈ ಚಾಚಲಿಲ್ಲ. ಆ ಹೆಮ್ಮೆ ನನಗಿತ್ತು, ಈಗಲೂ ಇದೆ.

ಬಸವಕಲ್ಯಾಣದ ಕೌಂಟರ್ ನನ್ನ ಷಡ್ಡಕನದು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನದು. ಮೊದಲು ಅವನದು ಹಾಡಿನ ಕ್ಯಾಸೆಟ್ ಅಂಗಡಿ. ಕ್ಯಾಸೆಟ್ ಕೊಳ್ಳುವವರು ಇಲ್ಲವಾದಾಗ ನಾನೇ ಬಸ್ ಕಂಪನಿಯವರಿಗೆ ಹೇಳಿ ಈ ಧಂದೆಗೆ ಹಚ್ಚಿದೆ. ಅವನ ಮನೆಗೆ ಅದೊಂದೇ ಆಧಾರ. ನನಗಿಂತ ಸಣ್ಣವನು, ಪಿಯುಸಿ ಪಾಸು. ಅತ್ತೆಯ ಮನೆಯಲ್ಲಿ ಟೀವಿ ಕೆಟ್ಟರೂ, ಬ್ಯಾಂಕಿನ ಕಾಗದ ಬಂದರೂ ಅವನನ್ನೇ ಕರೆಯುತ್ತಿದ್ದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಕಂಪನಿಯವರು ಸೀಟಿನ ಹಾಳೆ ನಿಲ್ಲಿಸಿ ಕಂಪ್ಯೂಟರ್ ಇಡಿ ಎಂದರು. ನಮ್ಮ ಕಂಪ್ಯೂಟರಿನ ಪ್ರೋಗ್ರಾಂ ಇಂಟರ್ನೆಟ್ಟಿನ ಮೂಲಕ ಹೈದರಾಬಾದಿನ ದೊಡ್ಡ ಕಂಪ್ಯೂಟರನ್ನು ಸೀಟು ಕೇಳುತ್ತದೆ, ಅದು ಕೊಡುತ್ತದೆ. ಹಾಗೆ ಕೇಳುವ ದಾರಿಗೆ ಎಪಿಐ ಎನ್ನುತ್ತಾರಂತೆ. ಕೇಳುವವನು ಅಸಲಿ ಏಜೆಂಟನೋ ಅಲ್ಲವೋ ಎಂದು ತಿಳಿಯಲು ಪ್ರತಿ ಕೌಂಟರಿಗೂ ಒಂದು ಪಾಸ್‌ವರ್ಡು, ಒಂದು ಉದ್ದನೆಯ ಗುಟ್ಟಿನ ಕೀಲಿ. ಅವನ್ನೆಲ್ಲ ಷಡ್ಡಕನೇ ಕಲ್ಯಾಣದಿಂದ ಬಂದು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟ. ಉಂಡು ಹೋಗುವಾಗ, "ಅಣ್ಣಾರ, ಏನೂ ಮುಟ್ಟಬ್ಯಾಡ್ರಿ. ಒತ್ತೂದು ಒತ್ರಿ, ಟಿಕೆಟ್ ಹರೀರಿ" ಎಂದ. ನನಗೆ ಕಲಿಸಲು ಬಂದನಲ್ಲ ಎಂದು ಒಳಗೇ ಉರಿಯಿತು.

ಕೆಲವು ವಾರ ಚೆನ್ನಾಗಿ ನಡೆಯಿತು. ಒಂದು ಸಂಜೆ ಗಿರಾಕಿಯೊಬ್ಬರು ಆಗಷ್ಟೇ ಹರಿದ ಟಿಕೆಟ್ಟಿನಲ್ಲಿ ಅಚ್ಚಾಗಿದ್ದ ಬುಕಿಂಗ್ ಟೈಮು ತೋರಿಸಿ, "ಇದರಾಗ ಒಂದು ಟೈಮು, ನಿಮ್ಮ ಗ್ವಾಡಿ ಮ್ಯಾಲ ಒಂದು ಟೈಮು. ಯಾವುದು ಖರೇ?" ಎಂದು ಎಲ್ಲರೆದುರು ಕೇಳಿದರು. ಕಂಪ್ಯೂಟರಿನ ಟೈಮು ನೋಡಿ ಜನ ತಡವಾಗಿ ಬಂದರೆ ಬೈಗುಳ ನನಗೇ. ಅಂಗಡಿ ಮುಚ್ಚುವ ಮುನ್ನ ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನು ಒತ್ತಿ, ತಡಕಾಡಿ, ಅದನ್ನೂ ಕಾಲು ಗಂಟೆ ಮುಂದಿಟ್ಟೆ. ಯಾರನ್ನೂ ಕೇಳದೆ ನಾನೇ ಮಾಡಿದೆ ಎಂದು ಖುಷಿಯಾಗಿತ್ತು.

ಮರುದಿನ ಬೆಳಿಗ್ಗೆ ಸೀಟು ಕೇಳಿದರೆ ಕೆಂಪಕ್ಷರ ಬಂತು: ಅಥೆಂಟಿಕೇಶನ್ ಫೇಲ್ಡ್. ಹಾಗೆಂದರೆ ನೀನು ಯಾರೋ ನನಗೆ ಗೊತ್ತಿಲ್ಲ ಎಂದರ್ಥ. ಪಾಸ್‌ವರ್ಡು ತಿದ್ದಿ ತಿದ್ದಿ ಹೊಡೆದೆ. ಇಂಟರ್ನೆಟ್ ಬರುವ ಫೋನಿನ ವಯರು ಬಿಚ್ಚಿ ಮತ್ತೆ ಜೋಡಿಸಿದೆ. ಷಡ್ಡಕ ಫೋನಿನಲ್ಲಿ ಕೀಲಿಯ ಒಂದೊಂದು ಅಕ್ಷರ ಓದಿಸಿದ. "ಅದು ಸೊನ್ನಿನೋ, ಓ ಅಕ್ಷರನೋ, ಛಂದ ನೋಡ್ರಿ" ಎಂದ. ಎಲ್ಲ ಸರಿಯಿತ್ತು. ಅವನ ಕೌಂಟರ್ ಮಾತ್ರ ಸರಾಗ ನಡೆಯುತ್ತಿತ್ತು. ದೀಪಾವಳಿ ಹತ್ತಿರ ಬಂದಿತ್ತು, ಪುಣೆ ಮುಂಬೈಗೆ ಜನವೋ ಜನ. ನನ್ನ ಗಿರಾಕಿಗಳಿಗಾಗಿ ನಾನೇ ಅವನಿಗೆ ಫೋನು ಮಾಡಿ ಸೀಟು ಹಿಡಿಯಬೇಕಾಯಿತು. "ಅದಕ್ಕೇನ್ರಿ ಅಣ್ಣಾರ, ಹೇಳ್ರಿ ಎಷ್ಟು ಸೀಟ್ ಬೇಕು" ಎಂದು ನಗುತ್ತಲೇ ಮಾಡಿಕೊಟ್ಟ. ಆ ನಗು ನನಗೆ ಬೇರೆ ಥರ ಕೇಳಿಸಿತು.

ಕಂಪನಿಯ ಅಧಿಕಾರಿ ಕಲಬುರಗಿ ಕಡೆಯವರು. ಫೋನಿನಲ್ಲಿ ಕೇಳಿದರು: "ನಮ್ಮ ಕಡೆ ಎಲ್ಲಾ ಬರೋಬರ್ ಅದ. ನಿಮ್ಮ ಕೀಲಿ ಬ್ಯಾರೆ ಯಾರಿಗರ ಗೊತ್ತದೇನು?"

"ಕಲ್ಯಾಣದಾವನೇ ಹಾಕಿಕೊಟ್ಟಾನ್ರಿ. ಅವಗ ಗೊತ್ತದ." ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ಹಬ್ಬ ಬರಾಕತ್ತದ, ನಂದು ಬಂದ್, ಅವಂದು ಚಾಲೂ. ನೀವೇ ತಿಳಕೊಳ್ರಿ."

ಅವರು ತಿಳಿದುಕೊಂಡರು. ಮಧ್ಯಾಹ್ನಕ್ಕೆ ಷಡ್ಡಕನ ಫೋನು. "ಅಣ್ಣಾರ, ನಂದೂ ಬಂದಾಯ್ತು ನೋಡ್ರಿ! ನಿಮ್ಮ ರೋಗ ನಮಗೂ ಹತ್ಯದ." ಆಗಲೂ ನಕ್ಕ. ನಾನು "ಹೌದಾ" ಎಂದೆ. ಫೋನು ಇಟ್ಟುಬಿಟ್ಟೆ.

ಕಂಪನಿಯವರು ನನಗೆ ಹೊಸ ಪಾಸ್‌ವರ್ಡು, ಹೊಸ ಕೀಲಿ ಕೊಟ್ಟರು. ಅವು ಷಡ್ಡಕನಿಗೆ ಗೊತ್ತೇ ಇರಲಿಲ್ಲ. ಹಾಕಿ ಒತ್ತಿದೆ. ಮತ್ತೆ ಅದೇ ಕೆಂಪಕ್ಷರ. ಅವನ ಕೈವಾಡ ಅಲ್ಲ. ಹಾಗಾದರೆ ನಾನು ಆಡಿದ್ದು ಏನು?

ಹೈದರಾಬಾದಿನ ಇಂಜಿನಿಯರ್ ಫೋನಿಗೆ ಬಂದ. ಏನೇನೋ ಕೇಳಿ ಕೊನೆಗೆ, "ಭಾಯ್‌ಸಾಬ್, ಆಪ್‌ಕೇ ಕಂಪ್ಯೂಟರ್ ಮೇ ಟೈಮ್ ಕ್ಯಾ ಹೈ?" ಎಂದ. ಕಂಪ್ಯೂಟರಿನಲ್ಲಿದ್ದ ಟೈಮು ಹೇಳಿದೆ. ಆ ಕಡೆಯಿಂದ ನಗು ಕೇಳಿಸಿತು. ನಾವು ಕೇಳುವ ಪ್ರತಿ ಸೀಟಿನ ಜೊತೆ ಆ ಗುಟ್ಟಿನ ಕೀಲಿಯೂ ಆ ಗಳಿಗೆಯ ಟೈಮೂ ಸೇರಿ ಒಂದು ಮುದ್ರೆ ಬೀಳುತ್ತದಂತೆ. ಟೈಮು ಬಹಳ ಹಿಂದೆ ಮುಂದೆ ಇದ್ದರೆ ಇವನು ಕಳ್ಳ ಎಂದು ಅಲ್ಲಿನ ಕಂಪ್ಯೂಟರ್ ಬಾಗಿಲು ಹಾಕುತ್ತದಂತೆ. ಟೈಮು ಸರಿ ಮಾಡಿದೆ. ಸೀಟುಗಳೆಲ್ಲ ಹಸಿರಾಗಿ ಕಣ್ಣ ಮುಂದೆ ತೆರೆದುಕೊಂಡವು. ಅವನ್ನು ನೋಡಲಾಗದೆ ಹೊರಗೆ ಹೋಗಿ ನಿಂತೆ.

ಕೂಡಲೇ ಅಧಿಕಾರಿಗೆ ಫೋನು ಮಾಡಿ ತಪ್ಪು ನನ್ನದೇ, ಕಲ್ಯಾಣದ ಕೌಂಟರ್ ತೆರೆಯಿರಿ ಎಂದೆ. "ಹಂಗ ಬರಂಗಿಲ್ರಿ. ಕಂಪ್ಲೇಂಟ್ ಮ್ಯಾಲ ಬಂದ್ ಆಗ್ಯದ. ಅವರೇ ಹೈದರಾಬಾದಿಗೆ ಬಂದು ಮ್ಯಾನೇಜರ್‌ಗೆ ಭೇಟಿ ಆಗಬೇಕು" ಎಂದರು.

ಆವತ್ತೇ ಕಲ್ಯಾಣಕ್ಕೆ ಹೋದೆ. ಷಡ್ಡಕ ಬಂದಾದ ಕೌಂಟರಿನಲ್ಲಿ ಕೂತು ಜನರನ್ನು ವಾಪಸ್ ಕಳಿಸುತ್ತಿದ್ದ. ನನ್ನನ್ನು ನೋಡಿ ಚಹಾಕ್ಕೆ ಹೇಳಿದ. ಚಹಾ ಬರುವ ಮೊದಲೇ ಎಲ್ಲ ಹೇಳಿಬಿಟ್ಟೆ: ಗಡಿಯಾರದ್ದು, ಅಧಿಕಾರಿಗೆ ಆಡಿದ್ದು, ಒಂದು ಶಬ್ದ ಬಿಡದೆ. ಅವನು ಕೀಬೋರ್ಡಿನ ಧೂಳು ಒರೆಸುತ್ತಲೇ ಇದ್ದ.

"ನನಗ ಒಂದ್ ಮಾತ ಕೇಳಬೇಕಿತ್ತಲ್ರಿ."

"ಕೇಳಬೇಕಿತ್ತು."

"ಬೈಬೇಕಿತ್ತು. ಬಂದು ಎರಡು ಏಟು ಹಾಕಬೇಕಿತ್ತು. ಹಿರ್ಯಾರಿದ್ದೀರಿ, ತಿಂತಿದ್ದೆ. ಕಂಪನಿಯವರಿಗೆ ಹೇಳ್ದಿರಲ್ಲ."

ಕೌಂಟರಿನ ಹಿಂದಿನ ಮನೆಯಿಂದ ಅವನ ಹೆಂಡತಿ, ನನ್ನ ನಾದಿನಿ, ನೀರಿನ ತಂಬಿಗೆ ತಂದವಳು ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ತಂಬಿಗೆ ನನ್ನ ಮುಂದಿಟ್ಟು ಒಳಗೆ ಹೋದಳು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಊಟ ಮಾಡದೆ ನಾನು ಎದ್ದು ಬಂದದ್ದು ಅದೇ ಮೊದಲು.

ಮರುದಿನ ಅವನ ಫೋನು. "ಹೈದರಾಬಾದಿಗೆ ಒಂದು ಸೀಟ್ ಬೇಕ್ರಿ. ಬಂಗ್ಲಾ ಕ್ರಾಸಿನಾಗ ಹತ್ತತೀನಿ." ಕಲ್ಯಾಣದವರು ಹೈವೇ ಬಸ್ಸು ಹಿಡಿಯುವುದು ಆ ಕ್ರಾಸಿನಲ್ಲೇ. ನಾನು ಕೊಟ್ಟ ದೂರಿಗೆ ಉತ್ತರ ಕೊಡಲು ಹೋಗುವ ಟಿಕೆಟ್ಟನ್ನು ನನ್ನ ಹತ್ತಿರವೇ ಕೇಳಬೇಕಾಗಿತ್ತು ಅವನು. ಪ್ರೋಗ್ರಾಂ ಕೇಳಿದ್ದನ್ನು ಕೇಳುವುದು ರೂಢಿಯಾಗಿ ನನ್ನ ಬಾಯಿಂದ "ವಯಸ್ಸು?" ಎಂದು ಬಂದುಬಿಟ್ಟಿತು.

"ನಿಮಗಿಂತ ಆರು ವರ್ಷ ಸಣ್ಣಾವ. ಲೆಕ್ಕಾ ಮಾಡಿ ಕಳೀರಿ. ಅಷ್ಟಾದ್ರೂ ಬರ್ತದಲ್ಲ?"

ಪಕ್ಕದ ಸೀಟು ನನಗೇ ಹಾಕಿಕೊಂಡು ಅವನಿಗೂ ಹೇಳಿದೆ. ಹುಮನಾಬಾದಿನಲ್ಲಿ ಬಸ್ಸು ಹತ್ತಿದಾಗ ಅವನು ಕಿಟಕಿಯ ಕಡೆ ಸರಿದು ಜಾಗ ಬಿಟ್ಟ. ಜಹೀರಾಬಾದ್ ದಾಟಿದ ಮೇಲೆ ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತೆಗೆದು, "ನಿಮ್ಮ ನಾದಿನಿ ನಿಮಗೂ ಕಟ್ಯಾಳ" ಎಂದ. ಎರಡೂ ಕೈ ಚಾಚಿ ಇಸಿದುಕೊಂಡೆ.

ಮ್ಯಾನೇಜರ್ ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಸಣ್ಣವರು. ನಾನು ನಿಂತುಕೊಂಡೇ ಹೇಳಿದೆ. ಗಡಿಯಾರದ ಮಾತು ಬಂದಾಗ ಆಫೀಸಿನಲ್ಲಿ ಎಲ್ಲರೂ ನಕ್ಕರು. ಇಂಥವರ ಕೈಗೆ ಕಂಪ್ಯೂಟರ್ ಯಾರು ಕೊಟ್ಟರು ಎಂದು ಮ್ಯಾನೇಜರ್ ಹಿಂದಿಯಲ್ಲಿ ಪಕ್ಕದವರನ್ನು ಕೇಳಿದರು. ಲಾರಿ ಕ್ಲೀನರ್ ಆಗಿದ್ದಾಗಲೂ ನಾನು ಯಾರಿಂದಲೂ ಅಂಥ ಮಾತು ಕೇಳಿಸಿಕೊಂಡವನಲ್ಲ. ಈ ಸಲ ತಲೆ ತಗ್ಗಿಸಿದೆ. ಆಗ ಷಡ್ಡಕ ಹಿಂದಿಯಲ್ಲೇ ಹೇಳಿದ: "ಸಾಹೇಬ್ರ, ಈ ಧಂದಾ ನನಗೆ ಕಲಿಸಿದವರು ಇವರೇ." ಅವನು ನನ್ನನ್ನು ಬಿಟ್ಟುಕೊಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಕೌಂಟರ್ ವಾಪಸ್ ಕೊಡುತ್ತೇವೆ, ಆದರೆ ಹಬ್ಬದ ಗದ್ದಲದಲ್ಲಿ ಆಗುವುದಿಲ್ಲ, ಮುಗಿದ ಮೇಲೆ ಎಂದರು. ಎಷ್ಟು ಕೇಳಿದರೂ ಕರಗಲಿಲ್ಲ. ವರ್ಷದ ದುಡಿಮೆಯೆಲ್ಲ ಆ ಹಬ್ಬದಲ್ಲೇ ಇರುವುದೆಂದು ಅವರಿಗೂ ಗೊತ್ತಿತ್ತು.

ಆ ದೀಪಾವಳಿಗೆ ಕಲ್ಯಾಣದ ಜನವೆಲ್ಲ ನನಗೆ ಫೋನು ಮಾಡಿ ಸೀಟು ಹಿಡಿದರು, ಅದರಾಚೆಯ ಹುಲಸೂರದವರೂ ಕೂಡ. ಪ್ರತಿ ಟಿಕೆಟ್ಟಿನ ಮೇಲೂ ನನ್ನ ಅಂಗಡಿಯ ಹೆಸರು. ಅಂಥ ಧಂದೆ ನಾನು ಹಿಂದೆಂದೂ ಕಂಡಿರಲಿಲ್ಲ. ಬಂಗ್ಲಾ ಕ್ರಾಸಿನಲ್ಲಿ ಅವರನ್ನು ಹತ್ತಿಸಲು ಏಜೆಂಟರು ಯಾರೂ ಇರಲಿಲ್ಲ. ಆದರೂ ಒಂದು ದೂರೂ ಬರಲಿಲ್ಲ. ಯಾಕೆಂದು ಬಸ್ಸಿನ ಕ್ಲೀನರ್ ನನಗೆ ಹೇಳಿದ:

"ನಿಮ್ಮ ಷಡ್ಡಕರು ದಿನಾ ಬಂದು ನಿಂದರ್ತಾರ್ರಿ. ಮುದುಕ್ಯಾರ ಗಂಟು ಎತ್ತಿ ಮ್ಯಾಲ ಕೊಡ್ತಾರ. ಯಾಕ್ರೀ ಅಂದ್ರ, ನಮ್ಮ ಊರ ಮಂದಿ ಅಲ್ಲೇನೋ ಅಂತಾರ."