ಮುಶ್ರಿಫ್ ಬಂದಿದ್ದಾನೆ

ಪಂಪಿನ ಬಾಯಿಗೆ ಸಿಕ್ಕಿಸಿದ್ದ ಹಳದಿ ಪ್ಲಾಸ್ಟಿಕ್ ಮುಚ್ಚಳದ ಅಂಚಿನಲ್ಲಿ ಒಂದು ಜೇಡ ಬಲೆ ಕಟ್ಟಿತ್ತು. ನನ್ನ ತಂದೆ, ಬಾಪ, ದಿನಾ ಬೆಳಿಗ್ಗೆ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಮರುದಿನ ಬಲೆ ಮತ್ತೆ ಅಲ್ಲೇ ಇರುತ್ತಿತ್ತು.

"ಇದಕ್ಕೆ ಇಕಾಮಾ ಸಿಕ್ಕಿದೆ ಮಾರಾಯ್ತಿ. ನಮ್ಮದಾದರೆ ವರ್ಷ ವರ್ಷ ಹೊಸತು ಮಾಡಬೇಕು, ಇದರದ್ದು ಪರ್ಮನೆಂಟ್" ಎನ್ನುತ್ತಿದ್ದರು. ಇಕಾಮಾ ಎಂದರೆ ನಮ್ಮಂಥ ಹೊರದೇಶದವರು ಸೌದಿಯಲ್ಲಿರಲು ಬೇಕಾದ ಪರವಾನಗಿ.

ಬಾಪ ಗೋದಾಮು ನೋಡಿಕೊಳ್ಳುತ್ತಿದ್ದ ಆ ಕಚೇರಿ ನಜ್ರಾನಿನ ಹೊರವಲಯದಲ್ಲಿ, ಖರ್ಜೂರದ ತೋಟಗಳು ಮುಗಿದು ಲಾರಿಗಳು ತಂಗುವ ಬಯಲು ಶುರುವಾಗುವಲ್ಲಿ ಇತ್ತು. ಗಡಿಯಾಚೆಗಿನ ಯೆಮನ್ನಿನ ಗುಡ್ಡದ ಊರುಗಳಿಗೆ ಒಂದು ವಿದೇಶಿ ನೆರವಿನ ಸಂಸ್ಥೆಯ ಪರವಾಗಿ ಪೈಪು, ಟ್ಯಾಂಕು, ಪಂಪು ಕಳಿಸುವುದು ಕಚೇರಿಯ ಕೆಲಸ. ದೊಡ್ಡ ಯುದ್ಧಕ್ಕೆ ಹಿಂದಿನ ವರ್ಷ ಅದು. ಲಾರಿಗಳು ಗಡಿ ದಾಟುತ್ತಿದ್ದವು, ಆದರೆ ಪ್ರತಿ ತಿಂಗಳೂ ಕಡಿಮೆಯಾಗುತ್ತಿದ್ದವು.

ನಾನು ನಜ್ರಾನಿನಲ್ಲಿ ಬೆಳೆದು, ಮಂಗಳೂರಿನಲ್ಲಿ ಪದವಿ ಮುಗಿಸಿ, ಮತ್ತೆ ಅಲ್ಲಿಗೇ ಹೋದವಳು. ನೆರೆಮನೆಯ ಹೆಂಗಸರಿಂದ ಕಲಿತ ನನ್ನ ಅರಬ್ಬಿ ಗುಡ್ಡದವರ ಅರಬ್ಬಿಗೆ ಹತ್ತಿರವಿತ್ತು. ಹಾಗಾಗಿ ಕೆಲಸ ಸಿಕ್ಕಿತು. ಊರೂರಿನ ಹೆಂಗಸರಿಗೆ ಫೋನ್ ಮಾಡುವುದು, ಕಳಿಸಿದ ಸಾಮಾನು ತಲುಪಿತೇ, ನೀರು ಬರುತ್ತಿದೆಯೇ ಎಂದು ಕೇಳುವುದು, ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯುವುದು. ಹೆಂಗಸರ ಕೋಣೆ ಬೇರೆ. ಅದರಲ್ಲಿ ಇದ್ದವಳು ನಾನೊಬ್ಬಳೇ. ಮುಖ್ಯ ಇಂಜಿನಿಯರ್ ಗೋಡೆಯಾಚೆ ಕೂತು ಒಳಗಿನ ಫೋನಿನಲ್ಲಿ ಮಾತನಾಡುತ್ತಿದ್ದರು. ಅವರು ಭಟ್ಕಳದವರು, ಮನೆಯಲ್ಲಿ ನವಾಯತಿ, ನಮ್ಮ ಜೊತೆ ಕನ್ನಡ.

"ಎಂತಮ್ಮಾ, ಗುಡ್ಡದ ಸಮಾಚಾರ?"

ಗುಡ್ಡದ ಸಮಾಚಾರ ಹೆಚ್ಚಾಗಿ ಒಬ್ಬ ದಾಯಿಯಿಂದ ಬರುತ್ತಿತ್ತು. ತನ್ನ ಊರಿನ ಚಿಕ್ಕ ಹೆರಿಗೆ ಕೇಂದ್ರವನ್ನು ಅವಳೊಬ್ಬಳೇ ನಡೆಸುತ್ತಿದ್ದಳು. ಕೇಂದ್ರದ ಹಿಂದೆ ಆಳವಾದ ಬಾವಿ. ನೀರಿತ್ತು, ಎತ್ತುವವರು ಬೇಕಿತ್ತು. ಹೆರಿಗೆಗೆ ಬಂದ ಹೆಂಗಸಿನ ಅತ್ತೆಯೋ ನಾದಿನಿಯೋ ಸೇದಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಪ ಒರೆಸುತ್ತಿದ್ದ ಪಂಪು ಆ ಬಾವಿಯದು. ಅದು ಮಳೆಗಾಲಕ್ಕೆ ಮೊದಲೇ ಹೋಗಬೇಕಿತ್ತು.

ಹೋಗದಿರಲು ಕಾರಣ ಊರಿನ ಸ್ಥಳೀಯ ಮಂಡಳಿ. ನೆರವಿನ ಸಂಸ್ಥೆಯ ಕಟ್ಟಳೆಯಂತೆ ಸಾಮಾನನ್ನು ಚುನಾಯಿತ ಮಂಡಳಿಯ ಕೈಗೇ ಒಪ್ಪಿಸಬೇಕು. ಆ ಮಂಡಳಿ ಒಂದೇ ದಿನ ಬಿದ್ದುಹೋಗಲಿಲ್ಲ. ಮೊದಲು ಬಂದೂಕಿನವರು ಗುಡ್ಡದಿಂದ ಇಳಿದು ಮಂಡಳಿಯ ಜೀಪನ್ನು ಎರವಲು ಕೇಳಿದರು. ಜೀಪು ವಾಪಸು ಬರಲಿಲ್ಲ. ಲಸಿಕೆಯ ಪೆಟ್ಟಿಗೆ ಬರುತ್ತಿದ್ದುದು ಅದೇ ಜೀಪಿನಲ್ಲಿ, ಅದೂ ನಿಂತಿತು. ಆಮೇಲೆ ಅವರಲ್ಲಿ ಇಬ್ಬರು ಸಭೆಗೆ ಬಂದು ಸುಮ್ಮನೆ ಹಿಂದೆ ಕೂರತೊಡಗಿದರು. ಏನೂ ಹೇಳುತ್ತಿರಲಿಲ್ಲವಂತೆ. ಸದಸ್ಯರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

"ನಮ್ಮ ಮಂಡಳಿಯವರಿಗೆಲ್ಲ ಒಟ್ಟಿಗೇ ಸೊಂಟನೋವು ಮಗಳೇ" ಎಂದು ದಾಯಿ ಒಂದು ದಿನ ಹೇಳಿದಳು. "ಮದ್ದು ಕೇಳುತ್ತಾರೆ. ನನಗೆ ಗೊತ್ತಿರುವುದು ಹೆರುವ ನೋವಿನ ಮದ್ದು ಮಾತ್ರ, ಹೆದರುವ ನೋವಿನದ್ದಲ್ಲ ಎಂದೆ."

ನಾನು ನಕ್ಕೆ. ವರದಿಯಲ್ಲಿ 'ಮಂಡಳಿಯ ಸಭೆ ಸೇರಿಲ್ಲ' ಎಂದು ಬರೆದೆ.

ಆ ಊರಿನ ಕೆಲಸ ನೋಡಿಕೊಳ್ಳಲು ನಮ್ಮವನೇ ಒಬ್ಬ ಯೆಮನಿ ಹುಡುಗನಿದ್ದ. ಸೈಟಿನ ಮೇಲ್ವಿಚಾರಕ. ಅರಬ್ಬಿಯಲ್ಲಿ ಮುಶ್ರಿಫ್. ಕಚೇರಿಯಲ್ಲಿ ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು, ಬಾಪ ಕೂಡ. ಅವನನ್ನು ದಾರಿಯ ಯಾವುದೋ ತಪಾಸಣಾ ಠಾಣೆಯಲ್ಲಿ ತಡೆದು, ಒಂದು ಹಗಲು ಕೂರಿಸಿ ಬಿಟ್ಟಿದ್ದರು. ಆಮೇಲೆ ಅವನು ರಾಜಧಾನಿಗೆ ಹೋದವನು ಫೋನ್ ಎತ್ತುತ್ತಿರಲಿಲ್ಲ. ಮಂಡಳಿ ಇಲ್ಲದಿದ್ದರೂ ನಮ್ಮ ಮುಶ್ರಿಫ್ ಊರಲ್ಲಿ ನಿಂತು ಪಂಪು ಕೂರಿಸಿಕೊಡುವುದಾದರೆ ಕಳಿಸಬಹುದು ಎಂದು ಸಂಸ್ಥೆಯವರು ಕೊನೆಗೆ ಒಪ್ಪಿದ್ದರು. ಇದನ್ನು ನಾನೇ ದಾಯಿಗೆ ತಿಳಿಸಿದ್ದೆ.

ಮುಂದಿನ ವಾರ ಫೋನ್ ಮಾಡಿದಾಗ ಅವಳು ಮೊದಲ ಮಾತಿಗೇ ಹೇಳಿದಳು: "ಮುಶ್ರಿಫ್ ಬಂದಿದ್ದಾನೆ. ಮಂಡಳಿಯ ಕೋಣೆಯಲ್ಲೇ ಇದ್ದಾನೆ. ಪಂಪು ಬರಲಿ ಎಂದಿದ್ದಾನೆ."

ನಾನು ಅದನ್ನು ಹಾಗೆಯೇ ಇಂಜಿನಿಯರರಿಗೆ ಹೇಳಿದೆ.

"ಅಂತೂ ಹೋದನಲ್ಲ ಪುಣ್ಯಾತ್ಮ! ಗೋದಾಮಿನ ಕಾಕನಿಗೆ ಹೇಳಿ, ಲೋಡ್ ಮಾಡ್ಲಿ. ಯಲ್ಲಾ, ಯಲ್ಲಾ!"

ಬಾಪ ಮಧ್ಯಾಹ್ನದ ಹೊತ್ತಿಗೆ ಪಂಪನ್ನು ಲಾರಿಗೆ ಏರಿಸಿ, ಅದರ ಸುತ್ತ ಪೈಪಿನ ಕಟ್ಟುಗಳನ್ನು ಒತ್ತರಿಸಿಟ್ಟು, ಮೇಲೆ ಟಾರ್ಪಾಲು ಎಳೆಸಿದರು. ಚಾಲಕ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಹೊರಡುವವನಿದ್ದ. ಅಷ್ಟರಲ್ಲಿ ಇಂಜಿನಿಯರ್ ಮತ್ತೆ ಫೋನ್ ಮಾಡಿದರು.

"ಅವನ ಹತ್ರ ಒಂದು ಮಾತು ಕೇಳ್ಬೇಕಿತ್ತಮ್ಮಾ, ಬಾವಿಯ ಕಟ್ಟೆಗೆ ಸಿಮೆಂಟು ಅಲ್ಲೇ ಸಿಗ್ತದಾ ಅಂತ. ಅವನ ಫೋನ್ ಇನ್ನೂ ಬಂದ್. ಆ ದಾಯಿಗೆ ಮಾಡಿ, ಅವನಿಗೆ ಕೊಡ್ಲಿಕ್ಕೆ ಹೇಳಿ."

ಮಾಡಿದೆ. ಅವಳಿಗೆ ಫೋನು ಸಿಗುವುದು ಕೇಂದ್ರದ ತಾರಸಿಯ ಮೇಲೆ ಮಾತ್ರ, ಆದ್ದರಿಂದ ಎಂದಿನಂತೆ ಗಾಳಿಯ ಸದ್ದು. ಮುಶ್ರಿಫ್‌ಗೆ ಫೋನ್ ಕೊಡಿ ಎಂದೆ.

"ಅವನು ಹೆಂಗಸರ ಜೊತೆ ಮಾತನಾಡುವುದಿಲ್ಲ" ಎಂದಳು.

ನಮ್ಮ ಮುಶ್ರಿಫ್ ನನ್ನ ಜೊತೆ ಎಷ್ಟೋ ಸಲ ಮಾತನಾಡಿದ್ದ. ಇಂಡಿಯಾದಲ್ಲಿ ಮದುವೆಗೆ ನಿಜವಾಗಿಯೂ ಆನೆ ಬರುತ್ತದೆಯೇ ಎಂದು ಕೇಳಿದ್ದ. ಮಾತು ನಿಲ್ಲಿಸುವುದೇ ಅವನಿಗೆ ಕಷ್ಟವಾಗುತ್ತಿತ್ತು.

ಆಗ ಅರ್ಥವಾಯಿತು. ಆ ತಿಂಗಳುಗಳಲ್ಲಿ ಗುಡ್ಡದ ಊರುಗಳಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಬಂದಿತ್ತು. ಬಂದೂಕಿನವರು ಮಂಡಳಿಗಳನ್ನು ಮುಚ್ಚುತ್ತಿರಲಿಲ್ಲ. ಪ್ರತಿ ಮಂಡಳಿಯ ಮೇಲೆ ತಮ್ಮವನೊಬ್ಬನನ್ನು ಕೂರಿಸುತ್ತಿದ್ದರು. ಯಾರಿಗೆ ಗೋಧಿ, ಯಾರ ಹೊಲಕ್ಕೆ ನೀರು, ಯಾವ ಲಾರಿ ಒಳಗೆ ಬರಬೇಕು ಎಂದು ಹೇಳುವವನು ಅವನೇ. ಜನ ಅವನನ್ನೂ ಮುಶ್ರಿಫ್ ಎನ್ನುತ್ತಿದ್ದರು.

"ಯಾವ ಮುಶ್ರಿಫ್?" ಎಂದು ಕೇಳಿದೆ.

"ಊರಿಗೆ ಎಷ್ಟು ಜನ ಮುಶ್ರಿಫ್ ಇರುತ್ತಾರೆ? ಒಬ್ಬನೇ." ಆಮೇಲೆ ತಾನೇ ಹೇಳಿದಳು, "ನಾನು ಸುಳ್ಳು ಹೇಳಿಲ್ಲ ಮಗಳೇ."

"ಹೇಳಿಲ್ಲ."

"ನೀನೂ ಹೇಳಬೇಕಾಗಿಲ್ಲ. ನಾನು ಹೇಳಿದ್ದನ್ನು ಹೇಳಿದರೆ ಸಾಕು."

ಪಂಪು ಅವಳ ಬಾವಿಗೇ ಬರುತ್ತದೆಯೇ ಎಂದು ಕೇಳಿದೆ. ಅವನು ಹಾಗೆ ಹೇಳಿದ್ದಾನೆ ಎಂದಳು. ನೀವು ಅದನ್ನು ನಂಬುತ್ತೀರಾ ಎಂದೆ.

"ನಂಬುವುದು ಎಂತದ್ದು? ಅವನಿಗೆ ಕೆಳಗೆ ಖಾತ್ ಸೊಪ್ಪಿನ ತೋಟವಿದೆ, ಅದಕ್ಕೂ ನೀರು ಬೇಕು. ನನಗೆ ಗೊತ್ತಿಲ್ಲವೇ? ಆದರೆ ಪಂಪು ಊರಿಗೆ ಬಂದರೆ ನಾನು ಅವನ ಹೆಂಡತಿಯ ಹತ್ತಿರವಾದರೂ ಜಗಳ ಆಡಬಹುದು. ಅವಳಿಗೀಗ ಏಳು ತಿಂಗಳು. ನಿಮ್ಮ ಗೋದಾಮಿನಲ್ಲಿದ್ದರೆ ನಾನು ಯಾರ ಹತ್ತಿರ ಜಗಳ ಆಡಲಿ?"

ಆಮೇಲೆ ಮಾಡುತ್ತೇನೆ ಎಂದು ಹೇಳಿ ಇಟ್ಟೆ. ಒಳಗಿನ ಫೋನು ಆಗಲೇ ಬಡಿದುಕೊಳ್ಳುತ್ತಿತ್ತು.

"ಎಂತಮ್ಮಾ, ಸಿಕ್ಕಿದನಾ?"

ನನ್ನ ಕೈ ಮೇಜಿನ ಮೇಲಿತ್ತು. ಎಸಿಯ ಗಾಳಿಗೆ ತಣ್ಣಗಾಗಿತ್ತು. ಅವಳು ಹೇಳಿದಂತೆ ಮಾಡಿದರೆ ಲಾರಿ ಹೋಗುತ್ತದೆ, ಬಹುಶಃ ಖಾತ್ ತೋಟಕ್ಕೆ, ಬಹುಶಃ ಬಾವಿಗೆ. ಚಾಲಕನಿಗೆ ತಾನು ಯಾರ ಕೈಗೆ ಸಾಮಾನು ಕೊಡುತ್ತಿದ್ದೇನೆ ಎಂದು ತಿಳಿದಿರುವುದಿಲ್ಲ. ಇಷ್ಟನ್ನು ಯೋಚಿಸಿದ್ದು ನೆನಪಿದೆ. ಅದರ ಜೊತೆಗೆ ಬರಬೇಕಾದ ಸಂಕಟವೋ ಭಯವೋ ಬಂದದ್ದು ನೆನಪಿಲ್ಲ.

"ಅದು ನಮ್ಮ ಮುಶ್ರಿಫ್ ಅಲ್ಲ ಸಾರ್. ಅವರವನು" ಎಂದೆ.

ಆಚೆ ಬದಿಯಲ್ಲಿ ಅವರು ಕುರ್ಚಿ ಹಿಂದಕ್ಕೆ ಎಳೆದದ್ದು ಫೋನಿನಲ್ಲೂ ಗೋಡೆಯಲ್ಲೂ ಕೇಳಿಸಿತು.

"ಅಲ್ಲಾ, ನೀವು ಬೆಳಿಗ್ಗೆ ಮುಶ್ರಿಫ್ ಅಂದ್ರಲ್ಲ?"

"ಅವಳು ಅಂದದ್ದು ಅದನ್ನೇ."

"ಬುದ್ಧಿವಂತೆ ಹೆಂಗಸು" ಎಂದರು ಕೊನೆಗೆ. ಸಿಟ್ಟಿರಲಿಲ್ಲ. "ನಮ್ಮದೇ ಪದ ಹೇಳಿ ನನ್ನ ಕೈಯಲ್ಲೇ ಲಾರಿ ತುಂಬಿಸಿದಳಲ್ಲ. ಇನ್ನು ಕಳಿಸಿದರೆ ಸಂಸ್ಥೆಯವರು ಈ ಒಂದು ಊರಿನದ್ದಲ್ಲ, ಎಲ್ಲಾ ಊರಿನದ್ದೂ ನಿಲ್ಲಿಸ್ತಾರೆ. ಇಳಿಸ್ಲಿಕ್ಕೆ ಹೇಳಿ."

ಸಂಜೆ ಬಾಪನ ಕಾರಿನಲ್ಲಿ ಮನೆಗೆ ಹೊರಟೆವು. ಮನೆಯಲ್ಲಿ ನಾವು ಬ್ಯಾರಿ ಭಾಷೆ ಆಡುವವರು. ಆ ಭಾಷೆಯಲ್ಲಿ ಬಾಪನಿಗೆ ಗದರುವುದೂ ಸಮಾಧಾನ ಹೇಳುವುದೂ ಒಂದೇ ಧ್ವನಿ.

"ಹತ್ತಿಸುವುದಕ್ಕಿಂತ ಇಳಿಸುವುದು ಕಷ್ಟ, ಗೊತ್ತುಂಟಾ ನಿನಗೆ? ಹತ್ತಿಸುವಾಗ ಎಲ್ಲರೂ ಕೈ ಕೊಡ್ತಾರೆ."

"ಹೇಳಬಾರದಿತ್ತಾ ಬಾಪ?"

"ನಾನು ಹಾಗೆ ಹೇಳಿದೆನಾ? ಎಂತದು ನೀನು." ಸಿಗ್ನಲಿನಲ್ಲಿ ನಿಂತಾಗ ಕನ್ನಡಿ ಸರಿಮಾಡಿಕೊಂಡರು. "ಅವಳಿಗೆ ಹೇಳಿದೆಯಾ?"

"ಇಲ್ಲ."

"ನಾಳೆ ಹೇಳು. ಕಾಯಿಸಬೇಡ. ಅವಳು ದಾರಿ ನೋಡ್ತಾ ಕೂತಿರ್ತಾಳೆ."

ರಾತ್ರಿ ಉಮ್ಮ ಮೀನು ಸಾರು ಮಾಡಿದ್ದರು. ಊಟ ಮಾಡಿದೆ. ಚೆನ್ನಾಗಿ ನಿದ್ದೆ ಬಂತು. ಇದನ್ನು ಆಮೇಲೆ ಯಾರಿಗೂ ಹೇಳಿಲ್ಲ, ಹೇಳುವಂಥದ್ದು ಎಂದೂ ಅನ್ನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಇಂಜಿನಿಯರ್ ಬರುವ ಮೊದಲೇ ಫೋನ್ ಮಾಡಿದೆ. ಲಾರಿ ಬರುವುದಿಲ್ಲ ಎಂದೆ. ಅವನು ನಮ್ಮ ಮುಶ್ರಿಫ್ ಅಲ್ಲ ಎಂದು ಇಂಜಿನಿಯರರಿಗೆ ತಿಳಿಸಿದ್ದು ನಾನೇ ಎಂದೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಅವನಿಗೆ ನಾನು ಏನು ಹೇಳಲಿ?" ಎಂದಳು.

"ಕಚೇರಿಯವರು ಮಂಡಳಿಯನ್ನೇ ಕೇಳುತ್ತಿದ್ದಾರೆ ಎನ್ನಿ."

"ಮಂಡಳಿ!" ಎಂದಳು, ಯಾರೋ ಸತ್ತವರ ಹೆಸರು ಕೇಳಿದಂತೆ. ಮತ್ತೆ, ಬೇರೆಯೇ ಧ್ವನಿಯಲ್ಲಿ: "ಹಗ್ಗಕ್ಕೂ ಮಂಡಳಿ ಬೇಕೇ?"

"ಎಂಥ ಹಗ್ಗ?"

"ಬಾವಿಯದು. ಇರುವುದನ್ನು ಮೂರು ಕಡೆ ಗಂಟು ಹಾಕಿದ್ದೇನೆ, ಗಂಟು ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ಹಗ್ಗ ಇಲ್ಲಿ ಸಿಗುವುದಿಲ್ಲ. ಯಾರಾದರೂ ಈ ಕಡೆ ಬರುವವರ ಹತ್ತಿರ ಕೊಟ್ಟರೆ ಸಾಕು."

ಹಗ್ಗಕ್ಕೆ ಮಂಡಳಿ ಬೇಡ, ಪೇಟೆಯಲ್ಲಿ ನಾನೇ ತೆಗೆದುಕೊಳ್ಳುತ್ತೇನೆ, ಎಷ್ಟು ಉದ್ದ ಬೇಕು ಎಂದು ಕೇಳಿದೆ. ಅವಳಿಗೆ ತಿಳಿದಿರಲಿಲ್ಲ. ಅಳೆದು ಬರುತ್ತೇನೆ, ಇಡಬೇಡ ಎಂದು ಹೇಳಿ ಫೋನನ್ನು ತಾರಸಿಯ ಗೋಡೆಯ ಮೇಲಿಟ್ಟು ಇಳಿದು ಹೋದಳು. ಮೆಟ್ಟಿಲಿನ ಸದ್ದು, ಆಮೇಲೆ ಒಂದು ಆಡು, ಕೆಳಗೆ ಯಾರನ್ನೋ ಅವಳು ಗಟ್ಟಿಯಾಗಿ ಕರೆದದ್ದು ಕೇಳಿಸಿತು. ನಾನು ಫೋನನ್ನು ಕಿವಿಗೆ ಹಿಡಿದು ಕಾದೆ.