ರೆಕ್ಕೆಮಾವನ ಅಂಗೈ

ಮೈದಾನದಲ್ಲಿ ಎಲ್ಲರೂ ಅವನನ್ನು ರೆಕ್ಕೆಮಾವ ಅಂತಲೇ ಕರೆಯುವುದು. ಗ್ಲೈಡರ್ ಅನ್ನುವ ಎಂಜಿನ್ ಇಲ್ಲದ ವಿಮಾನಕ್ಕೆ ಬೆಳಿಗ್ಗೆ ರೆಕ್ಕೆ ಜೋಡಿಸಿ ಸಂಜೆ ಬಿಚ್ಚುವುದು ಅವನ ಕೆಲಸ. ರೆಕ್ಕೆಯನ್ನು ಒಡಲಿಗೆ ಸೇರಿಸಿದರೆ ಸಾಕು, ಒಳಗಿನ ಕೊಂಡಿಗಳು ತಾವಾಗಿಯೇ ಕೂಡಿಕೊಳ್ಳುತ್ತವಂತೆ. ಮಾವನಿಗೆ ಈ ‘ತಾವಾಗಿಯೇ’ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಎಲ್ಲ ತಾನಾಗಿಯೇ ಸರಿಹೋಗುತ್ತೆ ಅಂದ ಸರ್ಕಾರಗಳನ್ನೂ ಅವನು ನೋಡಿದ್ದಾನೆ. ಹಾಗಾಗಿ ಒಬ್ಬರು ಒಳಗೆ ಕೂತು ವಿಮಾನ ತಿರುಗಿಸುವ ಸ್ಟಿಕ್ ಅನ್ನು ಮೆಲ್ಲಗೆ ಒತ್ತಬೇಕು. ಮಾವ ರೆಕ್ಕೆಯಂಚಿನ ಆಡುವ ಪಟ್ಟಿಯನ್ನು ಅಂಗೈಯಲ್ಲಿ ತಡೆದು ಹಿಡಿಯುತ್ತಾನೆ. ಆ ಒತ್ತಡ ಕೈಗೆ ತಾಗಿದರೆ ಕೊಂಡಿ ಕೂಡಿದೆ ಅಂತ ಲೆಕ್ಕ; ಆಗ “ಬಂತು” ಅನ್ನುತ್ತಾನೆ. ಅವನು ಹಾಗನ್ನದೆ ಯಾರೂ ಹಾರುವಂತಿಲ್ಲ.

ಅವತ್ತು ಮಗಳು ಮೊದಲ ಸಲ ಒಬ್ಬಳೇ ಹಾರುವವಳಿದ್ದಳು. ಒಳಗೆ ಕೂತು ಒತ್ತಿದಳು.

“ಬಂತಾ ಅಪ್ಪಾ?”

ಏನೂ ಬರಲಿಲ್ಲ. ಕೆಲವು ತಿಂಗಳಿಂದ ಅವನ ಬೆರಳಿಗೆ ಜೋಮು ಹಿಡಿಯುತ್ತಿತ್ತು. ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಈಗ ಕೊಂಡಿ ಕೂಡಿಲ್ಲವೋ, ಕೈಯೇ ಸತ್ತಿದೆಯೋ? ‘ಬಂತು’ ಅಂದುಬಿಟ್ಟರೆ ಕೆಲಸ ಉಳಿಯುತ್ತೆ. ಮಗಳು?

“ಒತ್ತಿದ್ಯೇನೇ?”

“ಯಾವಾಗಲೋ ಒತ್ತಿದೆ. ನೀನು ಹಿಡಿದಿದ್ದೀಯೋ, ನಿದ್ದೆ ಮಾಡ್ತಿದ್ದೀಯೋ?”

ರೆಕ್ಕೆಯ ಸಂದಿಗೆ ಟೇಪ್ ಅಂಟಿಸಲು ಕಾಯುತ್ತಿದ್ದ ಹೆಂಡತಿಯನ್ನು ಕರೆದ. “ಸ್ವಲ್ಪ ಬಾರೇ. ನನ್ನ ಕೈಗೆ ಏನೂ ಗೊತ್ತಾಗ್ತಿಲ್ಲ.”

ಅವಳು ಅವನ ಮುಖ ನೋಡಿದಳು. ಪಟ್ಟಿ ಹಿಡಿದಳು.

“ಇಲ್ಲ ರೀ, ಬರ್ತಿಲ್ಲ.”

ರೆಕ್ಕೆ ಎಳೆದು ನೋಡಿದರೆ, ಕೊಂಡಿ ಗೂಡಿನೊಳಗೆ ಕೂರದೆ ಅಂಚಿಗೆ ತಗುಲಿಕೊಂಡಿತ್ತು. ಮಾವನ ಮುಖ ಅರಳಿತು. ಹಾಗಾದರೆ ಕೈ ಚೆನ್ನಾಗೇ ಇದೆ! ಮತ್ತೆ ಜೋಡಿಸಿ, ತಾನೇ ಓಡಿಹೋಗಿ ಹಿಡಿದ. ಮಗಳು ಒತ್ತಿದಳು.

ಈಗಲೂ ಏನೂ ಇಲ್ಲ.

ಹೆಂಡತಿ ಅವನ ಕೈ ಪಕ್ಕದಲ್ಲೇ ತನ್ನ ಕೈ ಇಟ್ಟಳು. “ಬಂತು,” ಅಂದಳು, ಅವನಿಗಷ್ಟೇ ಕೇಳುವಂತೆ. ಆಮೇಲೆ ದನಿಯೆತ್ತಿ, “ಬಂತು ಕಣೇ!”

ಮಗಳು ಮೇಲೆ ಸುತ್ತು ಹಾಕುವಷ್ಟು ಹೊತ್ತೂ ಹೆಂಡತಿ ಅವನ ಬೆರಳು ತಿಕ್ಕುತ್ತ ಬೈದಳು.

“ಬಾಯಿಗೂ ಜೋಮು ಹಿಡಿದಿತ್ತೇನ್ರೀ, ಹೇಳೋಕೆ?”

“ಕೆಲಸ ಹೋಗುತ್ತೆ ಅಂತ...”

“ಹೋಗ್ಲಿ ಬಿಡಿ. ಮೊದಲು ಕತ್ತೆತ್ತಿ ಅವಳನ್ನ ನೋಡಿ.”

ಕೆಲಸವೇನೂ ಹೋಗಲಿಲ್ಲ. ಈಗ ಒಳಗೆ ಕೂತು ಸ್ಟಿಕ್ ಒತ್ತುವವನು ಮಾವ, ಪಟ್ಟಿ ಹಿಡಿಯುವವಳು ಹೆಂಡತಿ. ಅವಳು ಒಂದು ಗಳಿಗೆ ತಡಮಾಡಿದರೂ ಒಳಗಿನಿಂದ ಕೂಗು ಬರುತ್ತದೆ:

“ಹಿಡಿದಿದ್ದೀಯೋ, ನಿದ್ದೆ ಮಾಡ್ತಿದ್ದೀಯೋ?”