ಬರಿಗಾಲಿನ ಸದ್ದು

ನಮ್ಮ ಮನೆಯವರ ಅಂಗಾಲು ಮೊದಲು ಎಷ್ಟು ಸುಕುಮಾರವಾಗಿತ್ತೆಂದರೆ, ಶೇಂಗಾ ಸಿಪ್ಪೆಯ ಮೇಲೆ ಕಾಲಿಟ್ಟರೂ ಚೇಳು ಕುಟುಕಿದವರ ಹಾಗೆ ಕುಣಿಯುತ್ತಿದ್ದರು. ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸದರಲ್ಲಿ ನನಗೆ ಅದೊಂದು ದೊಡ್ಡ ತಮಾಷೆ. ನಾನು ಬಿಜಾಪುರದ ಕಡೆಯ ಹಳ್ಳಿಯವಳು. ಜಾಲಿಮುಳ್ಳು ಚುಚ್ಚಿದರೆ ಕಾಲೆತ್ತಿ, ಕಿತ್ತು ಬಿಸಾಕಿ ಮುಂದೆ ನಡೆಯುವ ಜನ ನಾವು. ಸೋಲಾಪುರದ ಪೇಟೆಯಲ್ಲಿ ಬೆಳೆದ ಇವರನ್ನು ರೇಷ್ಮೆ ಕಾಲಿನ ದೊರೆ ಎಂದು ಚುಡಾಯಿಸುತ್ತಿದ್ದೆ. ಆ ಕುಣಿತವನ್ನು ಇನ್ನೊಂದು ಸಲ ನೋಡುವುದಕ್ಕೆ ನಾನೀಗ ಏನು ಬೇಕಾದರೂ ಕೊಟ್ಟೇನು.

ಇಂಥ ಕಾಲಿನವರು ಹರಕೆ ಹೊತ್ತದ್ದು ಮಗಳಿಗಾಗಿ. ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ಕಾಮಾಲೆ ಏರಿ, ಕಣ್ಣು ಅರಿಸಿನದ ಬೇರಿನ ಬಣ್ಣಕ್ಕೆ ತಿರುಗಿ, ಡಾಕ್ಟರು ಮುಖ ಕೊಟ್ಟು ಮಾತಾಡುವುದನ್ನೇ ನಿಲ್ಲಿಸಿದ್ದರು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತು ಇವರು ತುಳಜಾಪುರದ ಅಂಬಾಭವಾನಿಗೆ ಬೇಡಿಕೊಂಡರು. ಮಗಳು ಉಳಿದರೆ, ನವರಾತ್ರಿಯ ಅಷ್ಟೂ ದಿನ ಕಾಲಿಗೆ ಚಪ್ಪಲಿ ಹಾಕುವುದಿಲ್ಲ, ಬದುಕಿರುವ ತನಕ. ಮಗಳು ಉಳಿದಳು. ಮನೆಗೆ ಬಂದ ಮೇಲೆ ನಾನು ಜಗಳ ತೆಗೆದೆ. ಒಂದು ವರ್ಷ ಅಂದಿದ್ದರೆ ಸಾಕಿತ್ತಲ್ಲ, ಇಡೀ ಜನ್ಮವನ್ನೇ ಬರೆದುಕೊಡಲು ಯಾರು ಹೇಳಿದರು ಎಂದು ಕೇಳಿದೆ. ದೇವಿಯ ಹತ್ತಿರ ಚೌಕಾಸಿ ಮಾಡುವ ಹೊತ್ತಾಗಿತ್ತೇ ಅದು ಎಂದು ಅವರು ತಿರುಗಿ ಕೇಳಿದರು. 

ನಮ್ಮ ಕಡೆಯ ಊರುಗಳಲ್ಲೂ ಇಲ್ಲೂ ಇದನ್ನು ಯಾರೂ ವಿಚಿತ್ರವೆನ್ನುವುದಿಲ್ಲ. ನವರಾತ್ರಿಯಲ್ಲಿ ಡೊಂಬಿವಲಿಯ ಪ್ಲಾಟ್‌ಫಾರ್ಮ್ ನೋಡಬೇಕು. ಹೆಂಗಸರೆಲ್ಲ ಆಯಾ ದಿನದ ಬಣ್ಣದ ಸೀರೆಯಲ್ಲಿ ಇರುತ್ತಾರೆ. ಇಸ್ತ್ರಿ ಪ್ಯಾಂಟು, ಹೆಗಲಿಗೆ ಬ್ಯಾಗು, ಕೆಳಗೆ ಬರಿಗಾಲು, ಹೀಗೆ ಎಷ್ಟೋ ಗಂಡಸರು ಕಾಣುತ್ತಾರೆ. ಹೀಗೆ ಬರಿಗಾಲಿನಲ್ಲಿ ನಡೆಯುವುದಕ್ಕೆ ಮರಾಠಿಯವರು ‘ಅನವಾಣಿ’ ಅನ್ನುತ್ತಾರೆ, ಕಂಡರೆ ಒಂದಿಷ್ಟು ಸರಿದು ಜಾಗವನ್ನೂ ಕೊಡುತ್ತಾರೆ. ಆ ಲೋಕಲ್ ರೈಲಿನಲ್ಲಿ ಸರಿದು ಜಾಗ ಕೊಡುವುದೆಂದರೆ ಸಣ್ಣ ಮಾತಲ್ಲ.

ಮೊದಲ ವರ್ಷ ಇವರ ಪಾಡು ನೋಡಲಾಗುತ್ತಿರಲಿಲ್ಲ. ಇವರ ಕೆಲಸ ರಬಾಳೆಯ ಒಂದು ಕಾರ್ಖಾನೆಯಲ್ಲಿ, ಕಬ್ಬಿಣ ಕಡೆಯುವ ಲೇಥ್ ಮಷಿನ್ನಿನ ಮೇಲೆ. ಡೊಂಬಿವಲಿಯಿಂದ ಠಾಣೆ ಊರಿನ ತನಕ ರೈಲು, ಅಲ್ಲಿ ಗಾಡಿ ಬದಲಿಸಿ ರಬಾಳೆ, ಆಮೇಲೆ ಬಿಸಿಲಿನಲ್ಲಿ ನಡಿಗೆ. ಮಳೆ ಮುಗಿದ ಮೇಲಿನ ಅಲ್ಲಿನ ಬಿಸಿಲು ಬಾಣಲೆಯಿದ್ದ ಹಾಗೆ. ಸಂಜೆ ಮನೆಗೆ ಬಂದು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಮುನ್ಸಿಪಾಲಿಟಿಯವರ ಏಳು ತಲೆಮಾರನ್ನೂ ಬೈಯುತ್ತಿದ್ದರು. ಠಾಣೆ ಸ್ಟೇಷನ್ನಿನ ಸೇತುವೆಯಲ್ಲಿ ಚಪ್ಪಲಿಯ ಹಿಮ್ಮಡಿಯಿಂದ ಇವರ ಕಾಲು ತುಳಿದ ಹೆಂಗಸಿಗೂ ಅದರಲ್ಲಿ ಪಾಲಿತ್ತು. ನಾನು ಬೊಬ್ಬೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಅವರು ನರಳುತ್ತಿದ್ದರು, ನಾನು ನಗುತ್ತಿದ್ದೆ.

ಹೀಗೆ ಕೆಲವು ವರ್ಷ ಕಳೆದವು. ನಡುವೆ ಒಮ್ಮೆ ಕಾರ್ಖಾನೆಯ ತಪಾಸಣೆಯಲ್ಲಿ ಇವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಗುಳಿಗೆ ಶುರುವಾದವು. ಚಹಾದ ಸಕ್ಕರೆ ನಿಂತಿತು, ಆದರೆ ಪ್ರಸಾದ ನಿಲ್ಲಲಿಲ್ಲ. ಪ್ರಸಾದದಲ್ಲಿ ಶುಗರ್ ಇರುವುದಿಲ್ಲ ಎಂಬುದು ಅವರು ತಾವೇ ಕಂಡುಹಿಡಿದ ವೈದ್ಯಶಾಸ್ತ್ರ.

ಅದಾದ ಮೇಲಿನ ಒಂದು ನವರಾತ್ರಿಯಲ್ಲಿ ಬಕೆಟ್ಟು ಬೇಕಾಗಲಿಲ್ಲ. ಇವರು ಸಂಜೆ ಬಂದು, ನವರಾತ್ರಿಗೆ ಕೂರಿಸಿದ ದೇವಿಯ ಘಟದ ಮುಂದೆ ಕೂತು, ಅಂಗಾಲು ತಿರುಗಿಸಿ ನನಗೆ ತೋರಿಸಿದರು. ಬೊಬ್ಬೆಯೇನೋ ಇತ್ತು. ಇವರು ಮಾತ್ರ ಹೊಸ ಮದುಮಗನ ಹಾಗೆ ನಗುತ್ತಿದ್ದರು.

“ಈ ಸಲ ನೋವs ಇಲ್ಲ ನೋಡು. ಆಕಿ ನನ್ನ ಕಾಲ ಕೆಳಗ ಕೈ ಇಟ್ಟಾಳ.”

ನಾನೂ ದೇವಿಗೆ ಕೈಮುಗಿದೆ. ಇಷ್ಟು ವರ್ಷ ನಡೆದವನ ಮೇಲೆ ತಾಯಿಗೆ ಕರುಣೆ ಬರಬಾರದೇ? ಬಿಲ್ಡಿಂಗಿನಲ್ಲಿ ಸುದ್ದಿ ಹಬ್ಬಿತು. ಕೊನೆಯ ದಿನ ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು ಇವರ ಕಾಲಿಗೆ ನಮಸ್ಕಾರ ಮಾಡಿ ಹೋದರು. ಮರುವರ್ಷವೂ ಹಾಗೆಯೇ ಆಯಿತು.

ಆದರೆ ನವರಾತ್ರಿ ಇಲ್ಲದ ದಿನಗಳಲ್ಲೂ ಏನೇನೋ ಆಗತೊಡಗಿತು. ಒಂದು ಮಳೆಗಾಲದ ಸಂಜೆ ಇವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು. ಇನ್ನೊಂದು ಎಲ್ಲಿ ಎಂದು ನಾನು ಕೇಳುವ ತನಕ ಅದು ಕಳಚಿ ಹೋದದ್ದೇ ಅವರಿಗೆ ಗೊತ್ತಿರಲಿಲ್ಲ. ಮರೆವು ಎಂದು ನಕ್ಕುಬಿಟ್ಟರು. ಇನ್ನೊಮ್ಮೆ ಬೇಸಿಗೆಯಲ್ಲಿ ಟೆರೇಸಿನ ಮೇಲೆ ಹಪ್ಪಳ ಹರವಲು ಹೋಗಿದ್ದೆವು. ನಾನು ಹಳೆಯ ಗೋಣಿಚೀಲದ ಮೇಲೆ ನಿಂತರೂ ಕಾಲು ಎತ್ತೆತ್ತಿ ಇಡುತ್ತಿದ್ದೆ. ಇವರು ಕಾದ ನೆಲದ ಮೇಲೆ ಬರಿಗಾಲಿನಲ್ಲಿ, ಕೆರೆಯೊಳಗಿನ ಕೊಕ್ಕರೆಯಂತೆ ಆರಾಮಾಗಿ ನಿಂತಿದ್ದರು. ಸುಡುವುದಿಲ್ಲವೇ ಎಂದು ಕೇಳಿದೆ. ತಣ್ಣಗಿದೆಯಲ್ಲ ಎಂದರು.  ನವರಾತ್ರಿ ಬಿಟ್ಟು ಬೇರೆ ದಿನ ದೇವಿ ಯಾಕೆ ಕೈ ಇಡುತ್ತಾಳೆ ಎಂಬ ಪ್ರಶ್ನೆ ಅಲ್ಲಿಂದ ನನ್ನ ಜೊತೆ ಕೆಳಗಿಳಿದು ಬಂತು.

ಅದೇ ವರ್ಷದ ನವರಾತ್ರಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಮೂಲೆಯ ಘಟದಲ್ಲಿ ಗೋಧಿ ಸಸಿ ಗೇಣುದ್ದ ಬೆಳೆದಿತ್ತು, ನಂದಾದೀಪ ಉರಿಯುತ್ತಿತ್ತು. ನಾನು ಅಡುಗೆಮನೆಯಲ್ಲಿ ಆರತಿಗೆ ಬತ್ತಿ ಹೊಸೆಯುತ್ತಿದ್ದೆ. ಇವರು ಬಾಗಿಲು ತೆಗೆದು ಒಳಗೆ ಬಂದು, ಕಾಲು ತೊಳೆಯಲು ಬಚ್ಚಲ ಕಡೆ ನಡೆದರು. ಟಕ್. ಒಂದು ಹೆಜ್ಜೆ ಬಿಟ್ಟು ಮತ್ತೆ, ಟಕ್. ಬೂಟು ಹಾಕಿಕೊಂಡೇ ದೇವರ ಮುಂದೆ ಬಂದರೆಂದು ನನಗೆ ಸಿಟ್ಟು ನೆತ್ತಿಗೇರಿತು. ಬೈಯಲೆಂದೇ ಹೊರಗೆ ಬಂದೆ. ಅವರ ಕಾಲಿನಲ್ಲಿ ಏನೂ ಇರಲಿಲ್ಲ.

ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಮರಾಠಿ. ಟಿವಿಯ ದನಿ ಕಡಿಮೆ ಮಾಡಿ ಹೇಳಿದಳು.

“ಪಪ್ಪಾ, ತುಮ್ಚ್ಯಾ ಪಾಯಾತೂನ್ ಆವಾಜ್ ಯೇತೋಯ್.”

ನಿಮ್ಮ ಕಾಲಿನಿಂದ ಸದ್ದು ಬರುತ್ತಿದೆ ಎಂದಳು. ಇವರಿಗೆ ಅದೊಂದು ಚೇಷ್ಟೆಯಾಯಿತು. ಗೆಜ್ಜೆ ಕಟ್ಟಿದವರ ಹಾಗೆ ಕೈ ಸೊಂಟಕ್ಕಿಟ್ಟು ಹಾಲ್‌ನಲ್ಲಿ ಇನ್ನೊಂದು ಸುತ್ತು ಹಾಕಿದರು. ಬಲಗಾಲು ಊರಿದಾಗಲೆಲ್ಲ ಟೈಲ್ಸಿನ ಮೇಲೆ ಟಕ್ ಎನ್ನುತ್ತಿತ್ತು. ಅವರು ನಗುತ್ತಲೇ ಇದ್ದರು. ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹಿಡಿದು ಕೂರಿಸಿ ಕಾಲೆತ್ತಿ ನೋಡಿದೆ. ಹೆಬ್ಬೆರಳಿನ ಬುಡದ ದಪ್ಪ ಮಾಂಸದಲ್ಲಿ ಕಬ್ಬಿಣದ ಚೂರೊಂದು ಹೊಕ್ಕು ಕೂತಿತ್ತು. ಲೇಥಿನಿಂದ ಸುರುಳಿಯಾಗಿ ಬೀಳುವ, ಸುಟ್ಟು ನೀಲಿಗಟ್ಟಿದ ಚೂರು. ಅದರ ತುದಿಯೊಂದು ಮಾತ್ರ ಹೊರಗಿತ್ತು. ಸುತ್ತಲ ಚರ್ಮ ನೀರಿನಲ್ಲಿ ನೆನೆದ ಅವಲಕ್ಕಿಯಂತೆ ಬೆಳ್ಳಗೆ ಉಬ್ಬಿತ್ತು. ರಬಾಳೆ ಸ್ಟೇಷನ್ನಿನಿಂದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಗುಜರಿ ಅಂಗಡಿಗಳಿವೆ, ಕೈಗಾಡಿಗಳಿಂದ ಇಂಥವು ಉದುರುತ್ತಿರುತ್ತವೆ. ಗೇಟಿನ ತನಕ ಬರಿಗಾಲು. ಗೇಟಿನೊಳಗೆ ಸೇಫ್ಟಿ ಶೂ ಇಲ್ಲದೆ ಬಿಡುವುದಿಲ್ಲ, ಹಾಗಾಗಿ ದೇವಿಗೆ ತಪ್ಪಾಯಿತೆಂದು ಕೈಮುಗಿದು ಅದೇ ಕಾಲನ್ನು ಆ ಭಾರದ ಬೂಟಿನೊಳಗೆ ತುರುಕಿ ಇಡೀ ದಿನ ಮಷಿನ್ನಿನ ಮುಂದೆ ನಿಲ್ಲುವುದು. ಚೂರು ಅಂದು ಹೊಕ್ಕಿತೋ ಹಿಂದಿನ ದಿನವೋ, ಯಾರಿಗೂ ಗೊತ್ತಿಲ್ಲ. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಂತ ಮನುಷ್ಯನಿಗೇ ಗೊತ್ತಿರಲಿಲ್ಲ.

ಇವರು ಇಕ್ಕಳದಂಥ ಪಕ್ಕಡ ತಂದು ಚೂರನ್ನು ತಾವೇ ಕಿತ್ತರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಶೇಂಗಾ ಸಿಪ್ಪೆಗೆ ಕುಣಿದಿದ್ದವರು ಇವರೇನಾ ಎಂದು ನನಗೆ ಹೆದರಿಕೆಯಾಯಿತು. ಡಾಕ್ಟರ ಹತ್ತಿರ ಹೋಗೋಣವೆಂದು ಅಂಗಲಾಚಿದೆ. ದಸರೆಗೆ ಘಟ ಏಳುವ ತನಕ ಯಾವ ಡಾಕ್ಟರೂ ಬೇಡ, ಪಟ್ಟಿ ಕಟ್ಟಿ ಚಪ್ಪಲಿ ಹಾಕು ಅನ್ನುತ್ತಾರೆ, ಹರಕೆ ಮುರಿಯುತ್ತದೆ ಎಂದರು. ಅರಿಸಿನ ಮೆತ್ತಿಕೊಂಡು ಮರುದಿನ ಮತ್ತೆ ಬರಿಗಾಲಿನಲ್ಲಿ ಲೋಕಲ್ ಹತ್ತಿದರು.

ಖಂಡೇನವಮಿಯ ದಿನ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟು ಪೂಜೆ ಮಾಡಿದೆವು. ಆ ಪಕ್ಕಡಕ್ಕೂ ಚೆಂಡುಹೂವು ಏರಿಸಿದರು. ಸಂಜೆ ಎಂದಿನಂತೆ ಹೆಂಗಸರು ಬಂದರು, ಎಂದಿನಂತೆ ಇವರ ಪಾದಕ್ಕೆ ಬಾಗಿದರು. ಒಬ್ಬ ಮುದುಕಿ ಹಣೆಯನ್ನೇ ಮುಟ್ಟಿಸಿದಳು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಊದಿನಕಡ್ಡಿಯ ಹೊಗೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಹೂವು ಕೊಳೆತಿರಬಹುದೆಂದು ಘಟದ ಮಾಲೆ ಬದಲಿಸಿದೆ. ವಾಸನೆ ಹೋಗಲಿಲ್ಲ.

ದಸರೆಯ ಮರುದಿನ ಪಕ್ಕದೂರು ಕಲ್ಯಾಣದ ಆಸ್ಪತ್ರೆಗೆ ಹೋಗುವಾಗ ಹೆಬ್ಬೆರಳು ಕಪ್ಪಾಗಿತ್ತು. ಅದನ್ನೂ ಅದರ ಪಕ್ಕದ ಬೆರಳನ್ನೂ ತೆಗೆದರು. ಗಾಯ ಮಾಯುವ ಹೊತ್ತಿಗೆ ಡಾಕ್ಟರು ಇನ್ನೊಂದು ಕಾಲನ್ನು ಪರೀಕ್ಷೆ ಮಾಡಿದರು. ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನು ಎಡ ಅಂಗಾಲಿಗೆ ಮುಟ್ಟಿಸಿ, ತಿಳಿದಾಗ ಹೇಳಿ ಎಂದರು. ಎಳೆ ಬೆರಳಿಗೆ ತಾಗಿ ಬಾಗಿತು. ಇವರು ಸುಮ್ಮನೆ ಕೂತಿದ್ದರು. ಅಂಗಾಲಿನ ನಡುವೆ ತಾಗಿತು. ಆಗಲೂ ಸುಮ್ಮನೆ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ನೋವು ಮನೆಯ ಕಾವಲುಗಾರನಿದ್ದ ಹಾಗೆ, ಸಕ್ಕರೆ ಕಾಯಿಲೆ ಇವರ ಕಾವಲುಗಾರನನ್ನು ಓಡಿಸಿಬಿಟ್ಟಿದೆ, ಇನ್ನು ಆ ಕೆಲಸ ನಿಮ್ಮದು ಎಂದು ಡಾಕ್ಟರು ನನಗೆ ಮರಾಠಿಯಲ್ಲಿ ಹೇಳಿದರು. ಆ ತನಕ ನಾವು ಕೈಮುಗಿದದ್ದು ಯಾವುದಕ್ಕೆ ಎಂದು ನನಗಾಗ ಅರ್ಥವಾಯಿತು.

ಅಂದಿನಿಂದ ನನಗೆ ಇನ್ನೊಂದು ನಿತ್ಯಪೂಜೆ ಗಂಟುಬಿತ್ತು. ಬೆಳಿಗ್ಗೆ ನೀರಿನ ಬಿಸಿಯನ್ನು ನನ್ನ ಮೊಣಕೈಯಿಂದ ನೋಡಿ ಆಮೇಲೆ ಅವರ ಕಾಲಿಗೆ ಹಾಕುವುದು. ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒತ್ತಿ ಒರೆಸುವುದು. ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲಿನಲ್ಲಿ ಕೆಂಪು, ಬಿರುಕು, ಗುಳ್ಳೆ ಇದೆಯೋ ನೋಡುವುದು. ಬೂಟಿನೊಳಗೆ ಕೈ ಹಾಕಿ ತಡವುವುದು. ಒಮ್ಮೆ ಮಗಳ ಕೂದಲಿನ ಪಿನ್ನು ಸಿಕ್ಕಿತು, ಇನ್ನೊಮ್ಮೆ ಒಂದು ಹರಳುಕಲ್ಲು. ಅದು ಅವರಿಗೆ ಸಂಜೆಯ ತನಕ ತಿಳಿಯುತ್ತಿರಲಿಲ್ಲ ಎಂದು ನೆನೆದು ಬೂಟನ್ನು ಮತ್ತೊಮ್ಮೆ ತಡವುತ್ತಿದ್ದೆ. ಮಗಳನ್ನೂ ಬಿಡಲಿಲ್ಲ. ಶಾಲೆಯ ಬೂಟಿನ ತುದಿ ಒತ್ತಿ, ಬಿಗಿಯಾಗಿದ್ದರೆ ಅದೇ ದಿನ ಬದಲಾಯಿಸುತ್ತಿದ್ದೆ. ನನಗೆ ಕಾಲಿನ ಹುಚ್ಚು ಹಿಡಿದಿದೆ ಎಂದು ಅವಳು ಮರಾಠಿಯಲ್ಲಿ ಗೊಣಗುತ್ತಿದ್ದಳು. ಹಿಡಿದದ್ದು ನಿಜ. ಇವರು ಕೆಲವೊಮ್ಮೆ ಹೆಬ್ಬೆರಳು ಚಳಕ್ ಎನ್ನುತ್ತಿದೆ ಎನ್ನುತ್ತಿದ್ದರು, ಕತ್ತರಿಸಿ ಹಾಕಿದ ಹೆಬ್ಬೆರಳು. ಇದ್ದಾಗ ಬಾಯಿಬಿಡದೆ ಹೋದ ಮೇಲೆ ಕೂಗುವ ಅದರ ಮೇಲೆ ನನಗೆ ಸಿಟ್ಟೇ ಬರುತ್ತಿತ್ತು.

ಮತ್ತೆ ನವರಾತ್ರಿ ಹತ್ತಿರ ಬಂತು. ಓಣಿಯಲ್ಲಿ ಮಂಟಪದ ಬಿದಿರು ಏರತೊಡಗಿದಂತೆ ಇವರ ಮಾತು ಕಡಿಮೆಯಾಯಿತು. ಅದೇ ವಾರ ಮಗಳಿಗೆ ಜ್ವರ ಬಂತು. ಎಲ್ಲರ ಮನೆಯ ಮಕ್ಕಳಿಗೂ ಬಂದಿದ್ದ ಜ್ವರ, ಇಳಿದೂ ಹೋಯಿತು. ಆದರೆ ಇವರು ಅವಳ ಕಣ್ಣ ರೆಪ್ಪೆ ಎಳೆದು ಬಣ್ಣ ನೋಡುವುದನ್ನು ನಾನು ನೋಡಿದೆ.

“ಹರಕಿ ಮುರದ್ರ ಅದು ಮಗಳ ಮ್ಯಾಲ ಬರ್ತದ,” ಎಂದರು. “ಬಲಗಾಲಿನ ಬೆರಳು ದೇವಿ ತಗೊಂಡಾಳ. ಎಡಗಾಲು ನನಗಂತ ಬಿಟ್ಟಾಳ. ಅದು ಈಗ ಚಲೋ ಅದ, ಅದಕ್ಕ ಎಲ್ಲಾ ತಿಳೀತದ.”

ನಾನು ಅತ್ತೆ, ಬೈದೆ, ಊಟ ಬಿಟ್ಟೆ. ಒಂದಕ್ಕೂ ಅವರು ಜಗ್ಗಲಿಲ್ಲ. ಅವರ ಹೆದರಿಕೆ ನನ್ನ ಹೆದರಿಕೆಗಿಂತ ಹಳೆಯದು, ಆಸ್ಪತ್ರೆಯ ಮೆಟ್ಟಿಲ ಹತ್ತಿರ ಹುಟ್ಟಿದ್ದು. ಕೊನೆಗೆ, ನಿಮ್ಮ ಕಾಲಿಗೆ ತಿಳಿಯುವುದು ನಿಜವಾದರೆ ತೋರಿಸಿ, ಆಮೇಲೆ ನಾನು ತಡೆಯುವುದಿಲ್ಲ ಎಂದೆ. ಅವರು ಒಪ್ಪಿದರು.

ಘಟಸ್ಥಾಪನೆಯ ಹಿಂದಿನ ಸಂಜೆ ಅದು. ಅವರು ಮಂಚದ ಮೇಲೆ ಕೂತು ಕಣ್ಣಿಗೆ ಟವೆಲ್ ಕಟ್ಟಿಕೊಂಡರು. ನಾನು ಕೆಳಗೆ ಕೂತು ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಸಬರಿಗೆಯಿಂದ ತೆಳ್ಳನೆಯ ಕಡ್ಡಿಯೊಂದನ್ನು ಮುರಿದುಕೊಂಡೆ. ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಹಿಮ್ಮಡಿಗೆ ಮುಟ್ಟಿಸಿದೆ. ತಿಳಿಯಿತು ಎಂದರು.  ಅಂಗಾಲಿನ ನಡುವೆ ಮುಟ್ಟಿಸಿದೆ, ತಿಳಿಯಿತು ಎಂದರು. ಕಿರುಬೆರಳಿಗೂ ಹಾಗೆಯೇ ಅಂದರು. ಕಣ್ಣು ತುಂಬಿ ಬಂತು. ತಾಯಿ, ತಪ್ಪಾಯಿತು, ಇವರ ನೋವು ಇವರಿಗೆ ವಾಪಸು ಕೊಟ್ಟೆಯಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ. ಮಗಳು ನನ್ನನ್ನು ನೋಡಿ ನಕ್ಕಳು.

ಆಮೇಲೆ ಯಾಕೋ ನನ್ನ ಕೈ ನಿಂತಿತು. ಅವರ ಉತ್ತರಗಳು ಭಜನೆಯ ತಾಳದ ಹಾಗೆ ಒಂದೇ ಅಳತೆಯಲ್ಲಿ ಬರುತ್ತಿದ್ದವು. ಕಡ್ಡಿಯನ್ನು ಎತ್ತಿ ನನ್ನ ಮಡಿಲಿನಲ್ಲಿ ಇಟ್ಟುಕೊಂಡು ಸುಮ್ಮನೆ ಕೂತೆ. ಕೆಳಗೆ ಓಣಿಯಲ್ಲಿ ಯಾರೋ ಮಂಟಪಕ್ಕೆ ಮೊಳೆ ಹೊಡೆಯುತ್ತಿದ್ದರು.

“ಹಾಂ, ತಿಳೀತು,” ಎಂದರು ನಮ್ಮ ಮನೆಯವರು.

ಮಗಳ ಮುಖದ ನಗು ಇಳಿಯಿತು. ನಾನು ಅಲುಗಲಿಲ್ಲ. ಸ್ವಲ್ಪ ಹೊತ್ತು ಕಾದು ಅವರು ಮತ್ತೊಮ್ಮೆ ಹೇಳಿದರು.

“ತಿಳೀತು.”